ಕುಕುಲ್ಕಾನ್ ಪಿರಮಿಡ್ಡಿನ ಬುಡದಲ್ಲಿರುವ ನೀರು

ಮೆಕ್ಸಿಕೊದ ಯುಕಟಾನ್ ಪ್ರಾಂತ್ಯದಲ್ಲಿರುವ ಪ್ರಾಚೀನ ಮಾಯಾ ನಗರ ಚಿಚೆನ್ ಇಟ್ಜಾದ ಹೆಸರಿಗೆ ಮಾಯಾ ಭಾಷೆಯಲ್ಲಿ ‘ಇಟ್ಜಾ ಜನರ ಬಾವಿಯ ಬಾಯಿ’ ಎಂದು ಅರ್ಥ. ಊರಿಗೆ ಗುರುತು ಕೊಟ್ಟದ್ದು ದೇಗುಲವಲ್ಲ, ನೀರು. ಆದರೆ ನೋಡಲು ಬಂದವರ ಗಮನವೆಲ್ಲ ಗರಿಗಳುಳ್ಳ ಸರ್ಪದೇವತೆ ಕುಕುಲ್ಕಾನ್‌ನ ಹೆಸರಿನ, ಸುಮಾರು 30 ಮೀಟರ್ ಎತ್ತರದ ಪಿರಮಿಡ್ಡಿನ ಮೇಲೆಯೇ ಉಳಿದದ್ದರಿಂದ, ಅದರ ಕೆಳಗೆ ಏನಿರಬಹುದು ಎಂಬ ಪ್ರಶ್ನೆ ಬಹುಕಾಲ ಬದಿಯಲ್ಲೇ ಉಳಿಯಿತು.

ಉತ್ತರ ಯುಕಟಾನಿನಲ್ಲಿ ನೆಲದ ಮೇಲೆ ಹರಿಯುವ ನದಿಗಳಿಲ್ಲ. ಸುರಿದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸಿ, ಗುಹೆಗಳನ್ನು ಕೊರೆಯುತ್ತದೆ. ಗುಹೆಯ ಛಾವಣಿ ಕುಸಿದಾಗ ಆಳದ ನೀರು ಬೆಳಕಿಗೆ ತೆರೆದುಕೊಳ್ಳುತ್ತದೆ. ಇಂಥ ಹೊಂಡವೇ ಸೆನೋಟೆ. ಮಾಯಾ ಜನರಿಗೆ ಅದು ಕುಡಿಯುವ ನೀರಿನ ಆಸರೆಯೂ ಹೌದು, ಮಳೆದೇವತೆ ಚಾಕ್‌ನ ನೆಲೆಯೂ ಪಾತಾಳದ ಬಾಗಿಲೂ ಹೌದು.

ಪಿರಮಿಡ್ಡಿನ ಉತ್ತರಕ್ಕಿರುವ, ಸುಮಾರು 60 ಮೀಟರ್ ಅಗಲದ ಪವಿತ್ರ ಸೆನೋಟೆಗೆ ಬರಗಾಲದಲ್ಲಿ ಮನುಷ್ಯರನ್ನೂ ಅರ್ಪಿಸುತ್ತಿದ್ದರೆಂದು 16ನೇ ಶತಮಾನದಲ್ಲಿ ಪಾದ್ರಿ ಡಿಯೆಗೊ ದೆ ಲಾಂಡಾ ಬರೆದಿದ್ದರು. 1904ರಿಂದ ಅಮೆರಿಕದ ಎಡ್ವರ್ಡ್ ಥಾಂಪ್ಸನ್ ಅಲ್ಲಿಯ ಕೆಸರನ್ನು ಯಂತ್ರದ ಬಕೆಟ್ಟಿನಿಂದ ಎತ್ತಿಸಿದಾಗ ಚಿನ್ನ, ಹಸಿರು ಜೇಡ್ ಕಲ್ಲು, ಧೂಪದ ಉಂಡೆಗಳು ಮತ್ತು ಎಲುಬುಗಳು ಸಿಕ್ಕವು. ಆದರೆ ಯಾವ ವಸ್ತು ಯಾವ ಪದರದಲ್ಲಿತ್ತು ಎಂಬ ತಿಳಿವಳಿಕೆ ಆ ಬಕೆಟ್ಟಿನಲ್ಲೇ ಕಲಸಿಹೋಯಿತು. ನನ್ನ ದೃಷ್ಟಿಯಲ್ಲಿ ಹಲವು ವಸ್ತುಗಳು ಹಾರ್ವರ್ಡ್‌ನ ಪೀಬಡಿ ಸಂಗ್ರಹಾಲಯಕ್ಕೆ ಸಾಗಿದ್ದಕ್ಕಿಂತ ಇದು ದೊಡ್ಡ ನಷ್ಟ, ಏಕೆಂದರೆ ವಸ್ತುಗಳನ್ನು ಮರಳಿಸಬಹುದು, ಕಲಕಿದ ಪದರಗಳನ್ನು ಮರಳಿ ಜೋಡಿಸಲಾಗದು.

1930ರ ದಶಕದಲ್ಲಿ ಪಿರಮಿಡ್ಡಿನೊಳಗೆ ಸುರಂಗ ತೋಡಿದವರಿಗೆ ಅದರ ಹೊಟ್ಟೆಯಲ್ಲಿ ಇನ್ನೊಂದು, ಹಳೆಯ ಪಿರಮಿಡ್ಡು ಕಂಡಿತು. ಚಿರತೆಯನ್ನು ಹೋಲುವ ಜಾಗ್ವಾರ್ ಪ್ರಾಣಿಯ ಆಕಾರದ, ಕೆಂಪು ಬಣ್ಣದ ಸಿಂಹಾಸನವಿದ್ದದ್ದು ಅಲ್ಲಿಯೇ. ಅದಕ್ಕೂ ಕೆಳಗಿನದನ್ನು ನೋಡಲು ಮಾತ್ರ ಅಗೆಯದೆ ನೋಡುವ ವಿಧಾನ ಬೇಕಾಯಿತು. ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ರೆನೆ ಚಾವೆಸ್ ಸೆಗುರಾ ಮತ್ತು ಸಂಗಡಿಗರು ಕಟ್ಟಡದ ಸುತ್ತ ಎಲೆಕ್ಟ್ರೋಡುಗಳನ್ನಿಟ್ಟು ನೆಲದೊಳಗೆ ಅಲ್ಪ ವಿದ್ಯುತ್ ಹರಿಸಿದರು. ಒಣ ಸುಣ್ಣಕಲ್ಲು ವಿದ್ಯುತ್ತನ್ನು ತಡೆಯುತ್ತದೆ, ನೀರು ಸಲೀಸಾಗಿ ಬಿಡುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಹಾಕಿ ಬಿಡಿಸಿದ ಚಿತ್ರದಲ್ಲಿ ಸುಮಾರು 35 ಮೀಟರ್ ಉದ್ದ, 25 ಮೀಟರ್ ಅಗಲದ, ನೀರು ತುಂಬಿದ ಪೊಳ್ಳು ಕಂಡಿತು. 2015ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಅದೇ ವಿಧಾನದಿಂದ, ಒಳಗಿನ ಪಿರಮಿಡ್ಡಿನೊಳಗೆ ಸುಮಾರು 10 ಮೀಟರ್ ಎತ್ತರದ ಮೂರನೆಯ ರಚನೆಯೂ ಗೋಚರಿಸಿತು.

ಇದನ್ನು ಎಚ್ಚರದಿಂದ ಓದಬೇಕು. ಆ ನೀರನ್ನು ಯಾರೂ ಕಣ್ಣಾರೆ ಕಂಡಿಲ್ಲ. ಕಟ್ಟಿದವರಿಗೆ ಅದರ ಅರಿವಿತ್ತೆಂಬುದು ಊಹೆ. ಆದರೂ ಬಲವಾದ ಊಹೆ: ಪಿರಮಿಡ್ಡಿನ ನಾಲ್ಕೂ ಕಡೆ ಸೆನೋಟೆಗಳಿವೆ, ಸಮೀಪದ ಒಸಾರಿಯೊ ದೇಗುಲದೊಳಗಿನ ಬಾವಿಯಂಥ ಕಂಡಿ ನೇರವಾಗಿ ಗುಹೆಗೆ ಇಳಿಯುತ್ತದೆ. 1966ರಲ್ಲಿ ಒಮ್ಮೆ ಕಂಡು ಮುಚ್ಚಲಾಗಿದ್ದ, ಇಲ್ಲಿಗೆ ಹತ್ತಿರದ ಬಲಮ್‌ಕು ಗುಹೆಗೆ ಪುರಾತತ್ವಜ್ಞ ಗಿಲ್ಲೆರ್ಮೊ ದೆ ಆಂಡಾ ಅವರ ತಂಡ ತೆವಳುತ್ತ ಹೊಕ್ಕು, ಅಲ್ಲಿರುವ 150ಕ್ಕೂ ಹೆಚ್ಚು ಪೂಜಾ ವಸ್ತುಗಳ ಸುದ್ದಿಯನ್ನು 2019ರಲ್ಲಿ ತಿಳಿಸಿತು. ಈ ಸಲ ಅವುಗಳನ್ನು ಇದ್ದಲ್ಲಿಯೇ ಅಧ್ಯಯನ ಮಾಡುವುದೆಂದು ತೀರ್ಮಾನವಾಯಿತು.

ಈ ಗುಹೆಗಳ ಆಳದಲ್ಲಿರುವ ಅಂತರ್ಜಲವನ್ನೇ ಇಂದಿನ ಯುಕಟಾನಿನ ಜನರೂ ಕುಡಿಯುತ್ತಾರೆ. ಮಳೆ ಇಳಿಯುವ ಬಿರುಕುಗಳಲ್ಲೇ ಊರುಗಳ ಕೊಳಚೆಯೂ ಹೊಲಗಳ ರಾಸಾಯನಿಕಗಳೂ ಇಳಿಯುತ್ತಿವೆ.