ಉಣ್ಣೆ ಡೈಪರ್ ಕವರ್ ಸೋರುವುದು ಎಲ್ಲಿಂದ?

ಬಟ್ಟೆ ಡೈಪರ್ ಮೇಲೆ ಹಾಕುವ ಉಣ್ಣೆ ಕವರ್ ಸೋರಿದರೆ ಹೆಚ್ಚಿನವರು ಮೊದಲು ದೂರುವುದು ಲ್ಯಾನೊಲಿನ್ (ಕುರಿಯ ಉಣ್ಣೆಯಿಂದ ತೆಗೆಯುವ ಮೇಣದಂಥ ಜಿಡ್ಡು) ಸಾಲದು ಎಂದು. ಇರಬಹುದು. ಆದರೆ ನೂಲು ತಪ್ಪಿದ್ದರೆ, ಹೆಣಿಗೆ ಸಡಿಲವಿದ್ದರೆ, ಹಿಂಭಾಗ ಗಿಡ್ಡವಾಗಿದ್ದರೆ ಎಷ್ಟು ಲ್ಯಾನೊಲಿನ್ ಹಾಕಿದರೂ ಕವರ್ ಸೋರಿಯೇ ಸೋರುತ್ತದೆ. ಈ ಮೂರೂ ಮೊದಲ ಕುಣಿಕೆ ಹಾಕುವ ಮುಂಚೆಯೇ ತೀರ್ಮಾನವಾಗಬೇಕಾದವು.

ಉಣ್ಣೆಯ ಎಳೆಯ ಹೊರಮೈ ನೀರನ್ನು ಹತ್ತಿರ ಸೇರಿಸುವುದಿಲ್ಲ. ಒಳತಿರುಳು ಮಾತ್ರ ತೇವವನ್ನು ಆವಿಯ ರೂಪದಲ್ಲಿ ಹೀರುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹಿಡಿದರೂ ಕೈಗೆ ಒದ್ದೆ ಎನಿಸದು. ಹೀರಿದ್ದನ್ನು ಅದು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಹಾಗೆಂದು ಪ್ಲಾಸ್ಟಿಕ್ ಚಡ್ಡಿಯಂತೆ ನೀರನ್ನು ತಡೆದು ನಿಲ್ಲಿಸುತ್ತದೆ ಅಂದುಕೊಳ್ಳಬೇಡಿ. ಮೂತ್ರ ಹೀರಬೇಕಾದದ್ದು ಒಳಗಿನ ಹತ್ತಿ ಬಟ್ಟೆ. ಅದು ತೊಯ್ದು ತೊಟ್ಟಿಕ್ಕುವ ಸ್ಥಿತಿಗೆ ಬಂದಮೇಲೆ ಯಾವ ಕವರೂ ಕಾಪಾಡದು.

ನೂಲು ನೂರಕ್ಕೆ ನೂರು ಉಣ್ಣೆಯೇ ಆಗಿರಲಿ. ಅಕ್ರಿಲಿಕ್ ತೇವ ಹೀರದು, ಕುಣಿಕೆಗಳ ಸಂದಿಯಲ್ಲಿ ಹೊರಕ್ಕೆ ದಾಟಿಸುತ್ತದೆ. ‘ಸೂಪರ್‌ವಾಶ್’ ಎಂದು ಬರೆದ ಉಂಡೆಯೂ ಬೇಡ. ಮೆಷಿನ್ ವಾಶ್‌ಗೆ ಹೊಂದಲೆಂದು ಆ ಎಳೆಯ ಹೊರಮೈಯ ಚಿಪ್ಪುಗಳನ್ನು ಸವೆಸಿರುತ್ತಾರೆ, ಇಲ್ಲವೇ ಲೇಪ ಕೊಟ್ಟಿರುತ್ತಾರೆ. ಅಂಥ ನೂಲಿನ ಕವರ್ ಒದ್ದೆಯಾದಾಗ ಹಿಗ್ಗಿ ಜೋತುಬೀಳುತ್ತದೆ. ಮಧ್ಯಮ ದಪ್ಪದ ನೂಲು, ಅಂದರೆ 100 ಗ್ರಾಂಗೆ ಸುಮಾರು 200 ಮೀಟರ್ ಬರುವಂಥದ್ದು ಒಳ್ಳೆಯದು. ಆರರಿಂದ ಒಂಬತ್ತು ತಿಂಗಳ ಮಗುವಿಗೆ 100 ಗ್ರಾಂ ಇಟ್ಟುಕೊಳ್ಳಿ.

ಈ ದಪ್ಪಕ್ಕೆ ಸ್ವೆಟರ್‌ಗಾದರೆ 4.5 ಅಥವಾ 5 ಮಿ.ಮೀ. ಕಡ್ಡಿ ಹಿಡಿಯುತ್ತೇವೆ. ಇಲ್ಲಿ 4 ಮಿ.ಮೀ. ಸಾಕು. 10 ಸೆಂ.ಮೀ.ಗೆ 20 ಕುಣಿಕೆ, 28 ಸಾಲು ಬರಬೇಕು. ಮಾದರಿ ತುಂಡು ಹೆಣೆದು, ತೊಳೆದು, ಒಣಗಿಸಿ ಆಮೇಲೆ ಅಳೆಯಿರಿ. ತುಂಡನ್ನು ಬೆಳಕಿಗೆ ಹಿಡಿದಾಗ ಕುಣಿಕೆಗಳ ನಡುವೆ ಕಿಂಡಿ ಕಂಡರೆ ಒಂದು ಸೈಜ್ ಸಣ್ಣ ಕಡ್ಡಿಗೆ ಇಳಿಯಿರಿ. ಕೈ ಬಿಗಿಯಿಲ್ಲದವರಿಗೆ 3.75 ಬೇಕಾಗುವುದು ಮಾಮೂಲು.

ಅಳತೆ ತೆಗೆಯುವಾಗ ಮಗುವಿಗೆ ಡೈಪರ್ ಹಾಕಿರಬೇಕು. ಎರಡೇ ಅಳತೆ: ಸೊಂಟದ ಕೆಳಗೆ ಅತಿ ದಪ್ಪವಿರುವಲ್ಲಿ ಸುತ್ತಳತೆ, ಮತ್ತು ಮುಂದಿನ ಹೊಕ್ಕುಳಿಂದ ಕಾಲುಗಳ ನಡುವೆ ಹಾದು ಹಿಂದೆ ಸೊಂಟದವರೆಗಿನ ಉದ್ದ. ಸುತ್ತಳತೆಯಲ್ಲಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಮಾಡಿ, ಹೆಣಿಗೆ ಹಿಗ್ಗಿ ಮೈಗೆ ಕೂರುತ್ತದೆ. ಉದ್ದದಲ್ಲಿ ಮಾತ್ರ ಜಿಪುಣತನ ಬೇಡ, 2 ಸೆಂ.ಮೀ. ಜಾಸ್ತಿಯೇ ಇರಲಿ. ಉದ್ದ ಸಾಲದಿದ್ದರೆ ಡೈಪರಿನ ಅಂಚು ತೊಡೆಯ ಬಳಿ ಹೊರಗೆ ಇಣುಕುತ್ತದೆ, ಆ ಒಂದು ಬೆರಳಗಲ ಬಟ್ಟೆಯೇ ಮೇಲಿನ ಅಂಗಿಯನ್ನೆಲ್ಲ ತೋಯಿಸುತ್ತದೆ.

ಸುತ್ತಳತೆ 48, ಉದ್ದ 44 ಸೆಂ.ಮೀ. ಇರುವ ಮಗುವಿನ ಲೆಕ್ಕ ಹೀಗೆ. 3.5 ಮಿ.ಮೀ. ಸರ್ಕ್ಯುಲರ್ ಕಡ್ಡಿಗೆ (ನಡುವೆ ತಂತಿಯಿರುವ, ಸುತ್ತಾಗಿ ಹೆಣೆಯುವ ಕಡ್ಡಿ) 88 ಕುಣಿಕೆ ಹಾಕಿ, ತಿರುಚದಂತೆ ಸುತ್ತು ಸೇರಿಸಿ, ಎರಡು ನಿಟ್ (ನೇರ ಕುಣಿಕೆ) ಎರಡು ಪರ್ಲ್ (ಉಲ್ಟಾ ಕುಣಿಕೆ) ರಿಬ್‌ನಲ್ಲಿ, ಅಂದರೆ ಹಿಗ್ಗುವ ಏಣು ಹೆಣಿಗೆಯಲ್ಲಿ, 4 ಸೆಂ.ಮೀ. ಹೆಣೆಯಿರಿ. ಆಮೇಲೆ 4 ಮಿ.ಮೀ. ಕಡ್ಡಿಗೆ ಬದಲಾಯಿಸಿ ಹಿಂಭಾಗದ 44 ಕುಣಿಕೆಗಳಲ್ಲಿ ಮಾತ್ರ ಶಾರ್ಟ್ ರೋ ಮಾಡಿ, ಅಂದರೆ ಸಾಲಿನ ಕೊನೆಯವರೆಗೆ ಹೋಗದೆ ನಡುವೆಯೇ ತಿರುಗಿ ಹೆಣೆಯಿರಿ. ಎರಡೂ ತುದಿಯಲ್ಲಿ 4 ಕುಣಿಕೆ ಬಿಟ್ಟು ತಿರುಗಿ, ಮುಂದಿನ ಸಲ ಇನ್ನೂ 4 ಬಿಟ್ಟು. ಹೀಗೆ 36, 28, 20, 12 ಕುಣಿಕೆಗಳ ನಾಲ್ಕು ಜೋಡಿ ಸಾಲು. ಇದರಿಂದ ಹಿಂದೆ ಸುಮಾರು 3 ಸೆಂ.ಮೀ. ಹೆಚ್ಚು ಉದ್ದ ಸಿಗುತ್ತದೆ. ಈ ಹಂತವನ್ನು ಬಿಟ್ಟವರ ಕವರ್ ಮಗು ಕೂತಾಗ ಹಿಂದಿನಿಂದ ಜಾರುತ್ತದೆ. ತಿರುಗುವ ಕಡೆಯ ಕುಣಿಕೆಗೆ ನೂಲು ಸುತ್ತುವುದನ್ನು ಮರೆತರೆ ಅಲ್ಲೊಂದು ತೂತು ಉಳಿಯುತ್ತದೆ, ಡೈಪರ್ ಕವರ್‌ನಲ್ಲಿ ತೂತು ಎಂದರೆ ಸೋರುವ ಜಾಗವೇ.

ಇನ್ನು ಎಲ್ಲ ಕುಣಿಕೆಗಳ ಮೇಲೆ 36 ಸುತ್ತು ನಿಟ್. ಮುಂದಿನ ನಡುವೆ 16, ಹಿಂದಿನ ನಡುವೆ 16 ಗುರುತಿಸಿ, ಎರಡು ಬದಿಯ 28-28 ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಡಿ, ಅವು ಕಾಲಿನವು. ಮುಂದಿನ 16ರ ಮೇಲೆ ಹಿಂದೆ ಮುಂದೆ 26 ಸಾಲು ಹೆಣೆದರೆ 9 ಸೆಂ.ಮೀ. ಪಟ್ಟಿ ಆಗುತ್ತದೆ. ಅದನ್ನು ಹಿಂದಿನ 16 ಕುಣಿಕೆಗಳಿಗೆ ಸೂಜಿಯಿಂದ ಸಮನಾಗಿ ಜೋಡಿಸಿ. ಮುಂದೆ 17, ಪಟ್ಟಿ 9, ಹಿಂದೆ 20, ಒಟ್ಟು 46 ಸೆಂ.ಮೀ., ಅಂದರೆ ಅಳತೆಯ 44ಕ್ಕೆ 2 ಜಾಸ್ತಿ. ರಾತ್ರಿಯ ಬಳಕೆಗೆ ಇದೇ ಅಳತೆಯ ಇನ್ನೊಂದು ಪಟ್ಟಿ ಹೆಣೆದು ಒಳಗಡೆ ಹೊಲಿದುಬಿಡಿ. ಅತಿ ಹೆಚ್ಚು ತೋಯುವುದು ಇಲ್ಲಿಯೇ.

ಕಾಲಿಗೆ ತಡೆದಿಟ್ಟ 28ರ ಜೊತೆ ಪಟ್ಟಿಯ ಅಂಚಿನಿಂದ 20 ಕುಣಿಕೆ ಎತ್ತಿಕೊಂಡರೆ 48. ಪ್ರತಿ ಸಾಲಿಗೂ ಒಂದೊಂದು ಎತ್ತಿದರೆ ಅಂಚು ಅಲೆಅಲೆಯಾಗಿ ಹರಡುತ್ತದೆ. ನಾಲ್ಕು ಸಾಲಿಗೆ ಮೂರು ಸಾಕು. 3.5 ಕಡ್ಡಿಯಲ್ಲಿ 8 ಸುತ್ತು ರಿಬ್ ಹಾಕಿ ಸಡಿಲವಾಗಿ ಕ್ಲೋಸ್ ಮಾಡಿ. ಬಿಗಿಯಾದರೆ ತೊಡೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ಸೊಂಟಕ್ಕೆ ಕಟ್ಟುವ ದಾರಕ್ಕಿಂತ ರಿಬ್ ಒಳಗೆ ಹೊಲಿದ ಎಲಾಸ್ಟಿಕ್ ಮೇಲು. ಉದ್ದನೆಯ ದಾರ ಮಗುವಿನ ಕೈಗೆ ಸಿಗಬಾರದು.

ಈಗ ಲ್ಯಾನೊಲಿನ್. ಒಂದು ಕವರ್‌ಗೆ ಅರ್ಧ ಟೀಚಮಚ ಶುದ್ಧೀಕರಿಸಿದ ಲ್ಯಾನೊಲಿನ್, ಬಿಸಿನೀರು, ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಹಾಲಿನಂತೆ ಬೆಳ್ಳಗಾಗುವವರೆಗೆ ಕದಡಿ. ಮೇಲೆ ಎಣ್ಣೆಯ ಹನಿ ತೇಲುತ್ತಿದ್ದರೆ ಶಾಂಪೂ ಸಾಲದು. ಹಾಗೇ ಅದ್ದಿದರೆ ಉಣ್ಣೆಯ ಮೇಲೆ ಹಳದಿ ಅಂಟುಕಲೆ ಕೂರುತ್ತದೆ. ನೀರು ಉಗುರುಬೆಚ್ಚಗಾಗುವವರೆಗೆ ಕಾದು, ಮೊದಲೇ ಒದ್ದೆ ಮಾಡಿದ ಕವರ್ ಅನ್ನು ಒಳಮೈ ಹೊರಗೆ ಮಾಡಿ ಮುಳುಗಿಸಿ, ರಾತ್ರಿಯಿಡೀ ಬಿಡಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ. ಹೊಸ ಕವರ್‌ಗೆ ಇದೇ ಕ್ರಮ ಎರಡು ಮೂರು ಸಲ ಬೇಕು. ಲ್ಯಾನೊಲಿನ್‌ಗೆ ಚರ್ಮ ಒಗ್ಗದ ಮಕ್ಕಳೂ ಇರುತ್ತಾರೆ, ಕೆಂಪಾದರೆ ನಿಲ್ಲಿಸಿ.

ಬಳಸಿದ ಮೇಲೆ ಗಾಳಿಗೆ ಹಾಕಿದರೆ ಸಾಕು. ಎರಡು ಮೂರು ಕವರ್ ಇದ್ದರೆ ಸರದಿ ಸುಲಭ. ಮಲ ತಾಗಿದರೆ ಕೂಡಲೇ ತೊಳೆಯಿರಿ. ಉಳಿದಂತೆ, ಒಣಗಿದ ಮೇಲೂ ವಾಸನೆ ಬಂದರೆ ತೊಳೆದು ಮತ್ತೆ ಲ್ಯಾನೊಲಿನ್ ಕೊಡುವ ಸಮಯ. ಎನ್‌ಜೈಮ್ ಇರುವ ಡಿಟರ್ಜೆಂಟ್ ಬೇಡ: ಪ್ರೋಟೀನ್ ಕಲೆ ಕರಗಿಸುವ ಎನ್‌ಜೈಮ್‌ಗೆ ಉಣ್ಣೆಯೂ ಪ್ರೋಟೀನೇ. ಬ್ಲೀಚ್ ಅಂತೂ ನೂಲನ್ನೇ ತಿಂದುಹಾಕುತ್ತದೆ. ಬಿಸಿನೀರು ಮತ್ತು ಉಜ್ಜುವಿಕೆ ಸೇರಿದರೆ ಕವರ್ ಕುಗ್ಗಿ ಗಟ್ಟಿಯಾಗುತ್ತದೆ. ಹೆಣಿಗೆ ಸಡಿಲವಾದ, ಅಳತೆ ದೊಡ್ಡದಾದ ಕವರ್ ಅನ್ನು ಉದ್ದೇಶಪೂರ್ವಕವಾಗಿ ಸ್ವಲ್ಪ ಕುಗ್ಗಿಸಿ ಸರಿಮಾಡಲು ಮಾತ್ರ ಇದು ಉಪಯೋಗ. ಪ್ರತಿ ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿರಬೇಕು.

ಎಲ್ಲ ಸರಿಯಿದ್ದೂ ಮಗುವನ್ನು ಬಿಗಿಯಾಗಿ ಕಟ್ಟಿಕೊಂಡಾಗ, ಕಾರ್ ಸೀಟಿನಲ್ಲಿ ಕೂರಿಸಿದಾಗ ಒದ್ದೆಯಾಗುವುದುಂಟು. ಒತ್ತಡ ಡೈಪರಿನೊಳಗಿನ ನೀರನ್ನು ಹಿಂಡಿ ಹೊರಗೆ ತಳ್ಳುತ್ತದೆ. ಅಲ್ಲಿ ಹೆಣಿಗೆಯ ದೋಷವೇನೂ ಇಲ್ಲ, ಹೊರಡುವ ಮುಂಚೆ ಒಳಗಿನ ಡೈಪರ್ ಬದಲಾಯಿಸಿ.