ಬಿದ್ದ ಜಾಗ ಬೇರೆ, ಎಡವಿದ ಜಾಗ ಬೇರೆ

ಮನೆಯ ಕಂಪ್ಯೂಟರ್ ಕೆಲಸದ ನಡುವೆ ಒಮ್ಮೆ ತಾನಾಗಿಯೇ ನಿಂತು ಮತ್ತೆ ಶುರುವಾದರೆ ಅದನ್ನು ಮರೆತುಬಿಡಬಹುದು. ಅದೇ ವಾರ ಎರಡನೆಯ ಸಲವೂ ಹಾಗಾದರೆ ಮರೆಯುವಂತಿಲ್ಲ. ಮೈಕ್ರೋಸಾಫ್ಟ್‌ನ ಸಂಶೋಧಕರು ಸುಮಾರು ಹತ್ತು ಲಕ್ಷ ಸಾಮಾನ್ಯ ಬಳಕೆಯ ಪಿಸಿಗಳ ಕ್ರ್ಯಾಶ್ ವರದಿಗಳನ್ನು ಜಾಲಾಡಿ 2011ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಹಾರ್ಡ್‌ವೇರ್ ದೋಷದಿಂದ ಒಮ್ಮೆ ಕುಸಿದ ಯಂತ್ರ ಮತ್ತೊಮ್ಮೆ ಕುಸಿಯುವ ಸಂಭವವು ಮೊದಲ ಕುಸಿತದ ಸಂಭವಕ್ಕಿಂತ ನೂರು ಪಟ್ಟಿನವರೆಗೂ ಹೆಚ್ಚಿರುತ್ತದೆ. ಬಳಸುವವರಿಗೆ ಇದು ಕೆಟ್ಟ ಸುದ್ದಿ. ದೋಷವನ್ನು ಹುಡುಕುವವರಿಗೆ ಮಾತ್ರ ಒಳ್ಳೆಯದೇ. ಒಂದೇ ಸಲ ಬಂದು ಹೋದ ದೋಷವನ್ನು ಯಾರೂ ಹಿಡಿಯಲಾರರು, ಮತ್ತೆ ಮತ್ತೆ ಬರುವುದು ಹೆಜ್ಜೆಗುರುತು ಬಿಟ್ಟೇ ಹೋಗುತ್ತದೆ.

ಕ್ರ್ಯಾಶ್ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತೇವೆ. ಬ್ರೌಸರ್ ಒಂದೇ ಮುಚ್ಚಿಹೋದರೆ ಅದು ಆ ಪ್ರೋಗ್ರಾಂನ ಪಾಡು. ಆಪರೇಟಿಂಗ್ ಸಿಸ್ಟಂ ಅದಕ್ಕೆ ಕೊಟ್ಟಿದ್ದ ಮೆಮೊರಿಯನ್ನು ಹಿಂದಕ್ಕೆ ಪಡೆದು ತನ್ನ ಕೆಲಸ ಮುಂದುವರಿಸುತ್ತದೆ. ಇಡೀ ಯಂತ್ರ ಕುಸಿಯಬೇಕಾದರೆ ತಪ್ಪು ಕಾಣಿಸಿಕೊಳ್ಳುವುದು ಕರ್ನಲ್‌ನೊಳಗೆ, ಅಂದರೆ ಮೆಮೊರಿ, ಡಿಸ್ಕ್, ಪರದೆ ಎಲ್ಲವನ್ನೂ ನೇರವಾಗಿ ಮುಟ್ಟುವ ಅಧಿಕಾರವಿರುವ ಒಳಭಾಗದಲ್ಲಿ. ಅಲ್ಲಿ ಲೆಕ್ಕ ತಪ್ಪಿದ್ದು ಗೊತ್ತಾದ ಮೇಲೂ ಓಡುತ್ತಲೇ ಇದ್ದರೆ ಕೆಟ್ಟ ಮಾಹಿತಿ ಡಿಸ್ಕಿಗೆ ಬರೆದುಹೋಗುವ ಅಪಾಯವಿರುವುದರಿಂದ, ಕರ್ನಲ್ ತಾನಾಗಿಯೇ ಎಲ್ಲವನ್ನೂ ನಿಲ್ಲಿಸುತ್ತದೆ. ವಿಂಡೋಸ್‌ನ ನೀಲಿ ಪರದೆ ಎಂದರೆ ಇದೇ. 2025ರಲ್ಲಿ ವಿಂಡೋಸ್ 11ರಲ್ಲಿ ಅದು ಕಪ್ಪಾಯಿತು, ಆದರೆ ಅರ್ಥ ಬದಲಾಗಿಲ್ಲ. ಲಿನಕ್ಸ್‌ನವರು ಇದನ್ನು ಕರ್ನಲ್ ಪ್ಯಾನಿಕ್ ಎನ್ನುತ್ತಾರೆ. ನೋಡುವವರಿಗೆ ಅದು ಅಪಘಾತದಂತೆ ಕಂಡರೂ ವಾಸ್ತವದಲ್ಲಿ ಹೆಚ್ಚಿನ ಹಾನಿಯಾಗದಂತೆ ಹಾಕಿದ ಬ್ರೇಕ್.

ಎಲ್ಲ ಕುಸಿತಗಳಿಗೂ ಬ್ರೇಕ್ ಹಾಕುವಷ್ಟು ಸಮಯ ಸಿಗುವುದಿಲ್ಲ. ಪರದೆಯ ಮೇಲೆ ದೋಷದ ಕೋಡ್ ತೋರಿಸಿ ನಿಂತರೆ ಕರ್ನಲ್‌ಗೆ ತಪ್ಪು ತಿಳಿಯಿತು ಎಂದರ್ಥ. ಮೌಸ್ ಸಮೇತ ಎಲ್ಲವೂ ಹೆಪ್ಪುಗಟ್ಟಿದಂತೆ ಹ್ಯಾಂಗ್ ಆದರೆ ಯಾವುದೋ ಸಾಧನದ ಉತ್ತರಕ್ಕಾಗಿ ಕಾಯುತ್ತಾ ಕರ್ನಲ್ ಸಿಕ್ಕಿಬಿದ್ದಿರಬಹುದು. ಯಾವ ಸೂಚನೆಯೂ ಇಲ್ಲದೆ ಪಕ್ಕನೆ ಕತ್ತಲಾದರೆ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ ಪೂರೈಕೆಯನ್ನು ಅಥವಾ ಶಾಖವನ್ನು. ಇಲ್ಲಿ ಬಹಳ ಮಂದಿ ದಾರಿ ತಪ್ಪುತ್ತಾರೆ. ವಿಂಡೋಸ್‌ನ ಈವೆಂಟ್ ವ್ಯೂವರ್ (ಯಂತ್ರದ ಘಟನೆಗಳ ದಾಖಲೆ) ತೆರೆದರೆ ಕೆಂಪು ಗುರುತಿನೊಂದಿಗೆ 'ಕರ್ನಲ್-ಪವರ್ 41' ಎಂಬ ನಮೂದು ಕಾಣುತ್ತದೆ. ಅದರಲ್ಲಿರುವ 'ಪವರ್' ಎಂಬ ಪದ ನೋಡಿ ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ತಂದವರನ್ನು ನಾನು ಬಲ್ಲೆ. ಆ ನಮೂದನ್ನು ಬರೆಯುವುದು ಕುಸಿದ ಕ್ಷಣದಲ್ಲಲ್ಲ, ಯಂತ್ರ ಮತ್ತೆ ಎದ್ದ ಮೇಲೆ. ಹಿಂದಿನ ಸಲ ಕ್ರಮಬದ್ಧವಾಗಿ ಮುಚ್ಚಿಕೊಳ್ಳಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣ ಏನೆಂದು ಅದು ಹೇಳುವುದಿಲ್ಲ.

ಪರದೆಯ ಮೇಲಿನ ಕೋಡ್ ಕೂಡ ಪೂರ್ತಿ ಕಾರಣ ಹೇಳುವುದಿಲ್ಲ. ನಡೆಯುವವನು ಎಡವುವುದು ಒಂದು ಕಡೆ, ನಾಲ್ಕು ಹೆಜ್ಜೆ ತೂರಾಡಿ ಬೀಳುವುದು ಇನ್ನೊಂದು ಕಡೆ. ಒಂದು ಕೆಟ್ಟ ಡ್ರೈವರ್, ಅಂದರೆ ಸಾಮಾನ್ಯವಾಗಿ ಸಾಧನವೊಂದನ್ನು ನಡೆಸಲು ಕರ್ನಲ್‌ನೊಳಗೆ ಓಡುವ ತಂತ್ರಾಂಶ, ಮೆಮೊರಿಯಲ್ಲಿ ತನ್ನದಲ್ಲದ ವಿಳಾಸದಲ್ಲಿ ಏನನ್ನೋ ಬರೆದುಬಿಟ್ಟಿತು ಎಂದುಕೊಳ್ಳಿ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಎರಡು ನಿಮಿಷ ಬಿಟ್ಟು ಡಿಸ್ಕಿನ ಫೈಲ್‌ಗಳನ್ನು ನಿಭಾಯಿಸುವ ಫೈಲ್ ಸಿಸ್ಟಂನ ಭಾಗವೊಂದು ಅಲ್ಲಿ ತಾನಿಟ್ಟ ಮಾಹಿತಿಯನ್ನು ಓದಲು ಹೋಗಿ, ಅರ್ಥವಿಲ್ಲದ ಸಂಖ್ಯೆ ಕಂಡು ಕೈಚೆಲ್ಲುತ್ತದೆ, ಪರದೆಯ ಮೇಲೆ ಬರುವುದು ಅದರ ಹೆಸರು. ಸಂಶಯಿತನ ಬದಲು ಶವವನ್ನು ಕಂಡವನನ್ನೇ ಹಿಡಿದು ಕೂರಿಸಿದಂತೆ ಇದು.

ನನ್ನದೇ ಯಂತ್ರ ಇದನ್ನು ಚೆನ್ನಾಗಿ ಕಲಿಸಿತು. ಆರು ವಾರಗಳಲ್ಲಿ ಹದಿನಾಲ್ಕು ಸಲ ಕುಸಿಯಿತು. ಮೂರನೆಯ ಸಲದಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಪರದೆಯ ಕೋಡ್, ಆಗ ನಡೆಯುತ್ತಿದ್ದ ಕೆಲಸ ಇವನ್ನು ಬರೆಯುತ್ತಾ ಬಂದೆ. ಒಂದು ದಿನ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಂದು ದಿನ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್', ಮತ್ತೊಂದು ದಿನ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ'. ಒಮ್ಮೆ ಗ್ರಾಫಿಕ್ಸ್ ಡ್ರೈವರ್‌ನ ಹೆಸರು, ಒಮ್ಮೆ ನೆಟ್‌ವರ್ಕ್ ಡ್ರೈವರ್‌ನದು. ಎರಡನ್ನೂ ತೆಗೆದು ಹೊಸದಾಗಿ ಹಾಕಿದರೂ ಪ್ರಯೋಜನವಾಗಲಿಲ್ಲ. ಪುಟವನ್ನು ಮೇಲಿಂದ ಕೆಳಗೆ ಒಟ್ಟಿಗೆ ಓದಿದಾಗ ಹೊಳೆದದ್ದು ಒಂದೇ: ಯಾವ ಎರಡು ಸಾಲೂ ಒಂದನ್ನೊಂದು ಹೋಲುತ್ತಿರಲಿಲ್ಲ. ಡ್ರೈವರ್ ಕೆಟ್ಟಿದ್ದರೆ ಬಹುತೇಕ ಅದೇ ಹೆಸರು ಮರುಕಳಿಸಬೇಕಿತ್ತು. ಸಿಕ್ಕಸಿಕ್ಕವರೆಲ್ಲ ಬೀಳುತ್ತಿದ್ದಾರೆಂದರೆ ಕೆಟ್ಟಿರುವುದು ಎಲ್ಲರೂ ನಡೆಯುವ ನೆಲ, ಅಂದರೆ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಮೆಮೊರಿಯಾದ ರ‍್ಯಾಮ್ ಇದ್ದಿರಬೇಕು.

ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಮಲಗಿದೆ. ಅದು ಆಪರೇಟಿಂಗ್ ಸಿಸ್ಟಂ ಇಲ್ಲದೆಯೇ ಶುರುವಾಗಿ, ರ‍್ಯಾಮ್‌ನ ಕೋಶಗಳಲ್ಲಿ ಬಗೆಬಗೆಯ ವಿನ್ಯಾಸಗಳನ್ನು ಬರೆದು, ಹಿಂದಕ್ಕೆ ಓದಿ ತಾಳೆ ನೋಡುತ್ತದೆ. ಮಲಗುವ ಮುನ್ನ ನೋಡಿದ ಮೊದಲ ಸುತ್ತು ಶುದ್ಧವಾಗಿತ್ತು. ಬೆಳಗ್ಗೆ ನೋಡಿದರೆ ಮೂರನೆಯ ಸುತ್ತಿನಿಂದ ಆಚೆಗೆ ಕೆಂಪು ಸಾಲುಗಳು. ಎಲ್ಲದರಲ್ಲೂ ಒಂದೇ ವಿಳಾಸ, ಎಲ್ಲ ಬಿಟ್‌ಗಳೂ (ಒಂದೊಂದು ಕೋಶದಲ್ಲಿರುವ 0 ಅಥವಾ 1) 1 ಇರಬೇಕಾದ ಕಡೆ ಅದೇ ಒಂದು ಬಿಟ್ ಮಾತ್ರ 0. ಸಾವಿರಾರು ಕೋಟಿ ಕೋಶಗಳಲ್ಲಿ ಒಂದು ಆಗಾಗ ಕೈಕೊಡುತ್ತಿತ್ತು. ಆ ಕೋಶ ಯಾವುದೋ ಚಿತ್ರದ ಪಾಲಿಗೆ ಬಂದ ದಿನ ಒಂದು ಚುಕ್ಕೆಯ ಬಣ್ಣ ಬದಲಾಗಿ ನನಗೆ ಗೊತ್ತೂ ಆಗಿರಲಿಕ್ಕಿಲ್ಲ. ಕರ್ನಲ್‌ನ ಪಾಲಿಗೆ ಬಂದ ದಿನ ಇಡೀ ಯಂತ್ರ ಬೀಳುತ್ತಿತ್ತು. ಕೋಡ್‌ಗಳು ದಿನಕ್ಕೊಂದು ಬಗೆಯಾಗಿದ್ದುದಕ್ಕೆ ಕಾರಣ ಇದೇ. ಆಮೇಲೆ ಎರಡು ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಬೇರೆ ಸ್ಲಾಟ್‌ಗೂ ಹಾಕಿ ನೋಡಿದೆ. ದೋಷ ಪಟ್ಟಿಯ ಜೊತೆಗೇ ಹೋಯಿತು, ಆದ್ದರಿಂದ ಮದರ್‌ಬೋರ್ಡ್‌ನ ಸ್ಲಾಟ್ ನಿರಪರಾಧಿ.

ಮೆಮೊರಿಯ ಬಿಟ್ ತಾನಾಗಿ ಬದಲಾಗಬಹುದು ಎಂಬುದು ಹಳೆಯ ಕಥೆ. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ‍್ರೇ ವುಡ್ಸ್ ಎಂಬವರು, ಚಿಪ್‌ನ ಕವಚದ ವಸ್ತುವಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಯುರೇನಿಯಂ ಮತ್ತು ಥೋರಿಯಂ ಹೊರಸೂಸುವ ಆಲ್ಫಾ ಕಣಗಳು ಮೆಮೊರಿ ಕೋಶದ ವಿದ್ಯುದಾವೇಶವನ್ನು ಕದಲಿಸಬಲ್ಲವು ಎಂದು ತೋರಿಸಿದರು. ಕಾಸ್ಮಿಕ್ ಕಿರಣಗಳಿಂದಲೂ ಹಾಗಾಗುತ್ತದೆ. ಹಾಗೆಂದು ಮನೆಯ ಕಂಪ್ಯೂಟರಿನ ಪ್ರತಿ ಕುಸಿತಕ್ಕೂ ಬಾಹ್ಯಾಕಾಶದ ಕಡೆ ಬೆರಳು ತೋರಿಸಬೇಕಾಗಿಲ್ಲ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳು ದೋಷ ತೋರಿದ್ದವು. ಅವುಗಳಲ್ಲಿ ಹೆಚ್ಚಿನವು ಕಣಗಳ ಆಕಸ್ಮಿಕ ಹೊಡೆತದಿಂದಲ್ಲ, ಚಿಪ್‌ನ ಶಾಶ್ವತ ಊನದಿಂದ ಬಂದವು ಎಂಬುದು ಸಂಶೋಧಕರ ಅಭಿಪ್ರಾಯ. ಸರ್ವರ್‌ಗಳ ಮೆಮೊರಿ ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವಿರುವುದಿಲ್ಲ.

ಇನ್ನು ಡ್ರೈವರ್‌ಗಳು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ವರದಿಯಾದ ಕುಸಿತಗಳಲ್ಲಿ ಶೇಕಡಾ 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣ ಎಂಬ ಲೆಕ್ಕವನ್ನು 2003ರ ಒಂದು ಸಂಶೋಧನಾ ಪ್ರಬಂಧ ಕೊಡುತ್ತದೆ. ಪರಿಸ್ಥಿತಿ ಈಗ ಸುಧಾರಿಸಿದೆಯಾದರೂ ಅಪಾಯದ ಸ್ವರೂಪ ಹಾಗೇ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ಅಪ್‌ಡೇಟ್‌ನಿಂದಾಗಿ ಅದರ ಕರ್ನಲ್ ಡ್ರೈವರ್ ತನ್ನ ಮಿತಿಯಾಚೆಗಿನ ಮೆಮೊರಿಯನ್ನು ಓದಲು ಹೋಗಿ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಹೀಗಾಗಿ ಕುಸಿತ ಶುರುವಾದ ದಿನಕ್ಕೆ ಸ್ವಲ್ಪ ಮುಂಚೆ ಏನು ಬದಲಾಯಿತು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಮಾನಿಟರ್ ಎಂಬ ಪುಟವೊಂದಿದೆ. ತಂತ್ರಾಂಶ ಹಾಕಿದ್ದು, ಅಪ್‌ಡೇಟ್ ಆದದ್ದು, ಕುಸಿದದ್ದು ಎಲ್ಲವನ್ನೂ ಅದು ದಿನವಾರು ಒಂದೇ ಪಟದಲ್ಲಿ ತೋರಿಸುತ್ತದೆ. ಅಷ್ಟು ಉಪಯುಕ್ತವಾದದ್ದನ್ನು ಅಷ್ಟು ಮೂಲೆಯಲ್ಲಿ ಏಕೆ ಬಚ್ಚಿಟ್ಟಿದ್ದಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅಲ್ಲಿ ಸುಳಿವು ಸಿಕ್ಕರೆ ಆ ಡ್ರೈವರ್‌ನ ಹಿಂದಿನ ಆವೃತ್ತಿಗೆ ಮರಳಬಹುದು. ಅತಿ ಕಡಿಮೆ ಡ್ರೈವರ್‌ಗಳೊಂದಿಗೆ ಏಳುವ ಸೇಫ್ ಮೋಡ್‌ನಲ್ಲಿ ಯಂತ್ರ ದಿನಗಟ್ಟಲೆ ತೊಂದರೆಯಿಲ್ಲದೆ ಓಡಿದರೆ ಅನುಮಾನ ತಂತ್ರಾಂಶದ ಕಡೆ ವಾಲುತ್ತದೆ. ಆದರೆ ಸೇಫ್ ಮೋಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೂ ಹೆಚ್ಚು ಕೆಲಸವಿರುವುದಿಲ್ಲ ಎಂಬುದು ನೆನಪಿರಬೇಕು.

ಆಟ ಆಡುವಾಗ ಅಥವಾ ವಿಡಿಯೋ ಸಂಕಲನ ಮಾಡುವಾಗ ಮಾತ್ರ ಬೀಳುವ ಯಂತ್ರದಲ್ಲಿ ಶಾಖ ಮತ್ತು ವಿದ್ಯುತ್ತನ್ನು ಬೇರ್ಪಡಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ. ಶಾಖಕ್ಕೆ ಏರಲು ಸಮಯ ಬೇಕು. ಫ್ಯಾನ್‌ಗಳಿಗೆ ಧೂಳು ಕಟ್ಟಿದ್ದರೆ, ಪ್ರೊಸೆಸರ್ ಮೇಲಿನ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ, ಕೆಲಸ ಶುರುವಾಗಿ ಹಲವು ನಿಮಿಷಗಳ ಮೇಲೆ ತೊಂದರೆ ಕಾಣಿಸುತ್ತದೆ. ಇಂದಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ತಾವೇ ಆಫ್ ಆಗುತ್ತವೆ. ವಿದ್ಯುತ್ ತೊಂದರೆ ಹಾಗೆ ಕಾಯುವುದಿಲ್ಲ, ಹೊರೆ ಏರಿದ ಆ ಕ್ಷಣದಲ್ಲೇ ಕೈಕೊಡುತ್ತದೆ. 12 ವೋಲ್ಟ್‌ನ ತಂತಿಯಲ್ಲಿ ಶೇಕಡಾ 5ರಷ್ಟು ಏರಿಳಿತಕ್ಕೆ, ಅಂದರೆ 11.4ರಿಂದ 12.6 ವೋಲ್ಟ್‌ವರೆಗೆ ಮಾತ್ರ ಸಾಮಾನ್ಯವಾಗಿ ಅವಕಾಶ. ಹಳೆಯದಾದ ಎಸ್‌ಎಂಪಿಎಸ್ ಸಾಮಾನ್ಯ ಬಳಕೆಯಲ್ಲಿ ಈ ಮಿತಿಯೊಳಗಿದ್ದು, ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ಕುಸಿಯಬಹುದು. ಕ್ಯಾಬಿನೆಟ್ ತೆರೆದಾಗ ಮದರ್‌ಬೋರ್ಡ್ ಮೇಲಿನ ಸಣ್ಣ ಉರುಳೆಯಾಕಾರದ ಕೆಪಾಸಿಟರ್‌ಗಳ ತಲೆಯನ್ನೂ ನೋಡಿ. ಚಪ್ಪಟೆಯಾಗಿರಬೇಕಾದದ್ದು ಉಬ್ಬಿದ್ದರೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಪ್ರೊಸೆಸರ್ ಕೆಡುವುದು ಅಪರೂಪವೆಂದೇ ನಂಬಿದ್ದ ನಮಗೆ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಪಾಠ ಕಲಿಸಿದವು. ಅವು ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿಕೊಂಡು ಕ್ರಮೇಣ ಹಾಳಾಗುತ್ತಿದ್ದವೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮೂಲಕ ಬಂದ ತಿದ್ದುಪಡಿಯು ಮುಂದಿನ ಹಾನಿಯನ್ನು ತಡೆಯಬಹುದೇ ಹೊರತು ಆದ ಹಾನಿಯನ್ನು ಸರಿಪಡಿಸಲಾರದು. ಅದಕ್ಕೆ ಮುಂಚೆ ಎಷ್ಟೋ ಮಂದಿಗೆ ಪರದೆಯ ಮೇಲೆ ಕಂಡ ದೂರು ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದು ಎಂಬುದಾಗಿತ್ತು. ಎಡವಿದ್ದು ಪ್ರೊಸೆಸರ್, ಹೆಸರು ಬಂದದ್ದು ಗ್ರಾಫಿಕ್ಸ್ ಕಾರ್ಡಿಗೆ.

ಡಿಸ್ಕ್ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಬಗ್ಗೆ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲ ಸಲ ದೋಷ (ಸ್ಕ್ಯಾನ್ ದೋಷ) ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಂಭವ ಉಳಿದವಕ್ಕಿಂತ 39 ಪಟ್ಟು ಹೆಚ್ಚಿತ್ತು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಪ್ರಮುಖ ಎಚ್ಚರಿಕೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು. ಆದುದರಿಂದ ಯಾವ ಪರೀಕ್ಷೆಗೂ ಮೊದಲು ಬ್ಯಾಕಪ್.

ಯಾವುದೇ ದಾರಿ ಹಿಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಬಯೋಸ್‌ನಲ್ಲಿ ರ‍್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಯ್ಕೆ ಆನ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ ನೋಡುವುದು ಉಚಿತವಾದ ಪ್ರಯೋಗ. 'ಫಾರ್ಮ್ಯಾಟ್ ಹೊಡೆದುಬಿಡಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ನೂರು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸುವುದರಿಂದ ತೊಂದರೆ ನಿಂತರೂ ಏಕೆ ನಿಂತಿತೆಂದು ತಿಳಿಯುವುದಿಲ್ಲ, ಹಾರ್ಡ್‌ವೇರ್ ದೋಷವಿದ್ದರೆ ನಿಲ್ಲುವುದೂ ಇಲ್ಲ.

ಬದಲಾವಣೆಯ ನಂತರ ಎಷ್ಟು ದಿನ ಕಾಯಬೇಕು ಎಂಬುದಕ್ಕೂ ಲೆಕ್ಕವಿದೆ. ನನ್ನ ಯಂತ್ರ ಸರಾಸರಿ ಮೂರು ದಿನಕ್ಕೊಮ್ಮೆ ಬೀಳುತ್ತಿತ್ತು. ಕುಸಿತಗಳು ಯಾದೃಚ್ಛಿಕವಾಗಿ ಬರುತ್ತವೆಂದು ಭಾವಿಸಿದರೆ, ಏನನ್ನೂ ಸರಿಪಡಿಸದಿದ್ದರೂ ಮೂರು ದಿನ ಸುಮ್ಮನಿರುವ ಸಂಭವ ಶೇಕಡಾ 37. ಒಂಬತ್ತು ದಿನ ಸುಮ್ಮನಿರುವ ಸಂಭವ ಶೇಕಡಾ 5 ಮಾತ್ರ. ಸರಾಸರಿ ಅಂತರದ ಮೂರು ಪಟ್ಟು ಕಾಯದೆ 'ಸರಿಹೋಯಿತು' ಎನ್ನಬಾರದು ಎಂಬ ನನ್ನ ನಿಯಮ ಹುಟ್ಟಿದ್ದು ಹೀಗೆ. ಡ್ರೈವರ್ ಬದಲಿಸಿದ ಎರಡು ಸಲವೂ ನಾಲ್ಕನೆಯ ದಿನ ಗೆದ್ದೆನೆಂದುಕೊಂಡು ಐದನೆಯ ದಿನ ಸೋತಿದ್ದೆ.

ಕೆಟ್ಟ ರ‍್ಯಾಮ್ ಪಟ್ಟಿ ತೆಗೆದ ಮೇಲೆ ಒಂಬತ್ತು ದಿನ ಕಳೆಯಿತು, ಆಮೇಲೆ ತಿಂಗಳೂ ಕಳೆಯಿತು, ನೋಟ್‌ಬುಕ್ಕಿನಲ್ಲಿ ಹೊಸ ಸಾಲು ಸೇರಲಿಲ್ಲ. ಕೆಲಸ ಮಾತ್ರ ಮುಗಿದಿರಲಿಲ್ಲ. ಆ ಆರು ವಾರಗಳಲ್ಲಿ ಡಿಸ್ಕಿನಿಂದ ಡಿಸ್ಕಿಗೆ ನಕಲಾದ ಪ್ರತಿ ಫೈಲೂ ಅದೇ ರ‍್ಯಾಮ್ ಮೂಲಕ ಹಾದುಹೋಗಿತ್ತು. ಹಳೆಯ ಬ್ಯಾಕಪ್ ಜೊತೆ ಒಂದೊಂದಾಗಿ ತಾಳೆ ನೋಡಿದಾಗ ಮೂರು ಫೋಟೊಗಳು ಹೊಂದಲಿಲ್ಲ. ಅವುಗಳಲ್ಲಿ ಒಂದನ್ನು ತೆರೆದರೆ ಮೇಲಿನ ಅರ್ಧ ಸರಿಯಾಗಿತ್ತು, ಒಂದು ಗೆರೆಯಿಂದ ಕೆಳಗೆ ಬರೀ ಬೂದು ಬಣ್ಣ.