‘ಟೆಲಿ’ ಅಂದ್ರೆ ದೂರ: ಒಂದು ಪುಟ್ಟ ಪದದ ನಾನೂರು ವರ್ಷ

1611ರ ಏಪ್ರಿಲ್ 14. ರೋಮ್‌ನ ಒಂದು ಗುಡ್ಡದ ಮೇಲೆ ಗೆಲಿಲಿಯೋಗೆ ಔತಣ ಏರ್ಪಾಡಾಗಿತ್ತು. ಕರೆದವನು ಫೆಡೆರಿಕೊ ಚೆಸಿ. ವಿಜ್ಞಾನದ ಹುಚ್ಚಿಗೆ ಗೆಳೆಯರ ಜೊತೆ ಸೇರಿ ಅಕಾಡೆಮಿಯನ್ನೇ ಕಟ್ಟಿದ್ದ ಸಿರಿವಂತ ಯುವಕ. ಬಂದವರೆಲ್ಲ ಗೆಲಿಲಿಯೋ ತಂದಿದ್ದ ಕೊಳವೆಗೆ ಒಬ್ಬೊಬ್ಬರಾಗಿ ಕಣ್ಣಿಟ್ಟರು. ಊರಿನ ಇನ್ನೊಂದು ಕಡೆಯಿದ್ದ ಲ್ಯಾಟರನ್ ಕಟ್ಟಡದ ಮೇಲೆ ಕೆತ್ತಿದ ಅಕ್ಷರಗಳನ್ನು ಅಲ್ಲಿಂದಲೇ ಓದಿದರು. ಕತ್ತಲಾದ ಮೇಲೆ ಗುರುಗ್ರಹದ ಚಂದ್ರರನ್ನು ನೋಡಿದರು.

ಆ ಕೊಳವೆಗೆ ಆಗಿನ್ನೂ ಒಂದು ಗಟ್ಟಿ ಹೆಸರಿರಲಿಲ್ಲ. ಹಾಲೆಂಡಿನಲ್ಲಿ ಕನ್ನಡಕ ಮಾಡುತ್ತಿದ್ದ ಹಾನ್ಸ್ ಲಿಪ್ಪರ್‌ಹೇ 1608ರಲ್ಲೇ ಅದಕ್ಕೆ ಪೇಟೆಂಟ್ ಕೇಳಿದ್ದ. ಗೆಲಿಲಿಯೋ ಅದನ್ನು ‘ಪರ್‌ಸ್ಪಿಸಿಲಮ್’ ಎನ್ನುತ್ತಿದ್ದ. ‘ಟೆಲಿಸ್ಕೋಪ್’ ಎಂಬ ಹೆಸರು ಬಿದ್ದದ್ದು ಈ ಔತಣದಲ್ಲಿ. ಅದನ್ನು ಕಟ್ಟಿಕೊಟ್ಟವನು ಗ್ರೀಸಿನ ಗಣಿತಜ್ಞ ಜೊವಾನ್ನಿ ಡೆಮಿಸಿಯಾನಿ ಎನ್ನುತ್ತಾರೆ. ಗ್ರೀಕ್‌ನಲ್ಲಿ ‘ಟೆಲಿ’ ಅಂದರೆ ದೂರ, ‘ಸ್ಕೋಪ್’ ಅಂದರೆ ನೋಡು. ಅಷ್ಟೇ.

ಆ ಭಾಷೆಯಲ್ಲಿ ಈ ‘ದೂರ’ ಬಹಳ ಹಳೆಯದು. ಗ್ರೀಕ್ ಮಹಾಕಾವ್ಯದ ವೀರ ಒಡಿಸ್ಸ್ಯೂಸ್‌ನ ಮಗನ ಹೆಸರು ಟೆಲಿಮಾಕಸ್. ದೂರದಲ್ಲಿ ಹೋರಾಡುವವನು ಅಂತ ಅರ್ಥ.

ಎರಡನೇ ದೊಡ್ಡ ಪದ ಫ್ರಾನ್ಸಿನಿಂದ ಬಂತು. 1790ರ ದಶಕದಲ್ಲಿ ಕ್ಲೋಡ್ ಶಾಪ್ ಎಂಬಾತ ಸುದ್ದಿ ದಾಟಿಸಲು ಗೋಪುರಗಳ ಸಾಲು ಕಟ್ಟಿದ. ಗೋಪುರದ ನೆತ್ತಿಯ ಮೇಲೆ ಒಂದು ಕಂಬ, ಅದಕ್ಕೆ ಅಡ್ಡಪಟ್ಟಿ, ಪಟ್ಟಿಯ ಎರಡೂ ತುದಿಗೆ ತಿರುಗುವ ಕೈಗಳು. ಕೈ ನಿಂತ ಭಂಗಿಯೇ ಸಂಕೇತ. ಕೆಲವು ಕಿಲೋಮೀಟರ್ ಆಚೆಯ ಗೋಪುರದಲ್ಲಿ ಒಬ್ಬ ಕಾವಲುಗಾರ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂತಿರುತ್ತಿದ್ದ. ಕಂಡದ್ದನ್ನೇ ತನ್ನ ಗೋಪುರದಲ್ಲಿ ಹಾಗೇ ತೋರಿಸುತ್ತಿದ್ದ. ಮೊದಲ ‘ಟೆಲಿ’ ಇಲ್ಲದಿದ್ದರೆ ಎರಡನೆಯದು ನಡೆಯುತ್ತಲೇ ಇರಲಿಲ್ಲ! ಶಾಪ್ ಇದಕ್ಕೆ ‘ವೇಗವಾಗಿ ಬರೆಯುವುದು’ ಎಂಬ ಅರ್ಥದ ಹೆಸರು ಯೋಚಿಸಿದ್ದ. ಅಧಿಕಾರಿಯೊಬ್ಬ ‘ದೂರ ಬರೆಯುವುದು’ ಅಂದರೆ ಚೆನ್ನಾಗಿರುತ್ತದೆ ಎಂದ. ಅದೇ ಟೆಲಿಗ್ರಾಫ್.

ವಿದ್ಯುತ್ ತಂತಿ ಬಂದಾಗಲೂ ಹೆಸರು ಬದಲಾಗಲಿಲ್ಲ. 1844ರಲ್ಲಿ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಸುದ್ದಿ ಕಳಿಸಿದ. 1852ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಳಿಸಿದ ಸುದ್ದಿಗೆ ‘ಟೆಲಿಗ್ರಾಂ’ ಎನ್ನೋಣ ಎಂದಿತು. ಗ್ರೀಕ್ ವ್ಯಾಕರಣಕ್ಕೆ ಇದು ತಪ್ಪು ಅಂತ ಪಂಡಿತರು ತಕರಾರು ತೆಗೆದರು. ಜನ ಕೇಳಲಿಲ್ಲ. ಆಮೇಲೆ ಬೆಲ್‌ನ ಟೆಲಿಫೋನ್ ಬಂತು, 1876ರಲ್ಲಿ. 1900ರಲ್ಲಿ ಪ್ಯಾರಿಸ್‌ನ ಸಮ್ಮೇಳನವೊಂದರಲ್ಲಿ ರಷ್ಯಾದ ಪೆರ್ಸ್ಕಿ ‘ಟೆಲಿವಿಷನ್’ ಎಂಬ ಪದ ಬಳಸಿದ. ಅದರ ಅರ್ಧ ಗ್ರೀಕ್, ಅರ್ಧ ಲ್ಯಾಟಿನ್.

ಈಗ ನಮ್ಮ ಕಡೆ ನೋಡಿ. ನಾವು ‘ದೂರ’ ಇಟ್ಟುಕೊಂಡು ಅದೇ ಕೆಲಸ ಮಾಡಿದ್ದೇವೆ. ದೂರವಾಣಿ, ದೂರಸಂಪರ್ಕ, ದೂರದರ್ಶಕ, ದೂರದರ್ಶನ. ಕೊನೆಯ ಎರಡನ್ನು ಸ್ವಲ್ಪ ಗಮನಿಸಿ. ‘ಸ್ಕೋಪ್’ ಮತ್ತು ‘ವಿಷನ್’ ಎರಡೂ ನೋಡುವುದೇ, ಭಾಷೆ ಮಾತ್ರ ಬೇರೆ. ನಾವು ಒಂದೇ ಬೇರಿನಿಂದ ಎರಡು ಪದ ತೆಗೆದೆವು: ನೋಡಿಸುವ ಸಾಧನ ದರ್ಶಕ, ನೋಟ ದರ್ಶನ. ನನಗೆ ಇದು ಇಂಗ್ಲಿಷಿಗಿಂತ ಅಚ್ಚುಕಟ್ಟು ಅನಿಸುತ್ತದೆ. ಜರ್ಮನ್ನರೂ ತಮ್ಮದೇ ‘ಫೆರ್ನ್’ ಸೇರಿಸಿ ಟಿವಿಗೆ ‘ಫೆರ್ನ್‌ಸೇಯೆನ್’ ಎನ್ನುತ್ತಾರೆ, ಅಂದರೆ ದೂರ ನೋಡುವುದು.

ಆದರೆ ಟೆಲಿಗ್ರಾಂಗೆ ನಮ್ಮ ಜನ ‘ದೂರ’ ಹಚ್ಚಲಿಲ್ಲ. ಕಣ್ಣಿಗೆ ಕಂಡದ್ದು ಕಂಬದಿಂದ ಕಂಬಕ್ಕೆ ಎಳೆದ ತಂತಿ. ಹಾಗಾಗಿ ಅದು ತಂತಿಯೇ ಆಯ್ತು. ‘ತಂತಿ ಬಂದಿದೆ’ ಅಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತಿತ್ತು, ಸಾವಿನ ಸುದ್ದಿ ಹಾಗೇ ಬರುತ್ತಿತ್ತಲ್ವಾ. 2013ರ ಜುಲೈನಲ್ಲಿ ಆ ಸೇವೆ ನಿಂತಿತು.

ಮೇಷ್ಟ್ರುಗಳು ಪದವನ್ನು ಬೋರ್ಡಿನ ಮೇಲೆ ಹೀಗೆ ಒಡೆದು ತೋರಿಸಿದರೆ ಮಕ್ಕಳು ಸುಮ್ನೆ ಬಾಯಿಪಾಠ ಮಾಡಬೇಕಿಲ್ಲ. ಟೆಲಿಫೋಟೋ ಲೆನ್ಸ್, ಟೆಲಿಮೆಡಿಸಿನ್ ಎಲ್ಲಕ್ಕೂ ಒಂದೇ ಕೀಲಿಕೈ. ಒಂದು ಕಡೆ ಮಾತ್ರ ಜೋಪಾನ. ನಮ್ಮ ವರ್ಣತಂತುಗಳ ತುದಿಯಲ್ಲಿರುವ ‘ಟೆಲೊಮಿಯರ್’ಗೂ ದೂರಕ್ಕೂ ಸಂಬಂಧವಿಲ್ಲ. ಅದು ‘ಟೆಲೊಸ್’ನಿಂದ ಬಂದದ್ದು, ಅಂದರೆ ಕೊನೆ. ಇಂಗ್ಲಿಷಿಗೆ ಬರುವಾಗ ಎರಡೂ ಒಂದೇ ಥರ ಕಂಡವು. ಗ್ರೀಕ್‌ನಲ್ಲಿ ದೂರದ ‘ಟೇ’ ದೀರ್ಘ, ಕೊನೆಯ ‘ಟೆ’ ಹ್ರಸ್ವ. ಕನ್ನಡ ಬಲ್ಲ ಮಗುವಿಗೆ ಈ ವ್ಯತ್ಯಾಸ ಹೇಳಿಕೊಡುವುದು ಕಷ್ಟವೇ ಅಲ್ಲ. ಎ ಮತ್ತು ಏ ನಮ್ಮಲ್ಲಿ ಬೇರೆ ಬೇರೆ ಅಕ್ಷರಗಳೇ.

ಟೆಲಿಮೆಟ್ರಿ ಅಂದರೆ ದೂರದಿಂದ ಅಳೆಯುವುದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಡಿಶ್ ಆಂಟೆನಾ ಇದೆ. ಅಲ್ಲಿ ನಡೆಯುವ ಮುಖ್ಯ ಕೆಲಸಗಳಲ್ಲಿ ಇದೂ ಒಂದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಬೆಂಗಳೂರಿನ ಇಸ್ರೋ ಕೇಂದ್ರದ ಪರದೆಗಳ ಮೇಲೆ ಎತ್ತರ, ವೇಗದ ಅಂಕಿಗಳು ಇಳಿಯುತ್ತಾ ಬಂದವಲ್ಲ, ಅವೆಲ್ಲ ಟೆಲಿಮೆಟ್ರಿಯೇ. ಚಂದ್ರನಿಂದ ಇಲ್ಲಿಗೆ ಆ ಸಂಕೇತ ಬರಲು ಸುಮಾರು 1.3 ಸೆಕೆಂಡ್ ಬೇಕು. ಎಲ್ಲರೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದ ಅಂಕಿ ‘ಇಳಿಯಿತು’ ಎಂದು ತೋರಿಸುವಾಗ, ಅಲ್ಲಿ ಇಳಿದು ಆಗಲೇ ಒಂದು ಸೆಕೆಂಡ್ ದಾಟಿತ್ತು.